ಟಿಲ್ಡನ್ನನ ‘ಕರಡಿಯ ಬೇಟೆ’: ಒಂದು ಔಚಿತ್ಯವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಕ್ಯಾಲಿಫೋರ್ನಿಯಾ ಪ್ರಾಂತದ ಫ್ರೀಮಾಂಟ್ ನಗರದಲ್ಲಿ ಕಿವುಡರ ಸರ್ಕಾರಿ ಶಾಲೆಯೊಂದಿರುವುದು. ಆ ಶಾಲೆಯ ‘ಕರಡಿಯ ಬೇಟೆ’ ಎಂಬ ಕಂಚಿನ ಶಿಲ್ಪವನ್ನು ಅಲ್ಲಿ ಉಳಿಸಿಕೊಳ್ಳುವುದು ಯುಕ್ತವೋ ತೆಗೆದುಬಿಡುವುದು ಯುಕ್ತವೋ ಎಂದು ಇತ್ತೀಚಿನ ವರ್ಷಗಳಲ್ಲಿ ಬಲವಾದ ವಾದವೆದ್ದಿದೆ. ಶಿಲ್ಪವು 1892ನೆಯ ಇಸವಿಯದು. ರಚಿಸಿದವನು ಡಗ್ಲಸ್ ಟಿಲ್ಡನ್ (1860–1935). ಎಳೆಯ ವಯಸ್ಸಿನಲ್ಲಿಯೇ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡ ಈತನು ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಉಪಾಧ್ಯಾಯನಾಗಿ, 1888ರಲ್ಲಿ ಪ್ಯಾರಿಸಿಗೆ ಹೋಗಿ ಶೊಪ್ಪೆಂ ಎಂಬ ಕಿವುಡ ಶಿಲ್ಪಿಯಲ್ಲಿ ಶಿಷ್ಯವೃತ್ತಿ ಮಾಡಿದನು. ಶಾಲೆಯು ಆಗ ಬರ್ಕ್ಲಿಯಲ್ಲಿತ್ತು; 1980ರಲ್ಲಿ ಅದು ಫ್ರೀಮಾಂಟಿಗೆ ಬಂದಾಗ ಶಿಲ್ಪವೂ ಬಂದಿತು.

ಹಿಂದೆ ನಮ್ಮಲ್ಲಿ ಇಂಥವರನ್ನು ಮೂಕಬಧಿರರೆಂದು ಕರೆಯುತ್ತಿದ್ದೆವು. ಕೈಯಲ್ಲಿ ಸಂಪೂರ್ಣವಾದ ಭಾಷೆಯೊಂದನ್ನು ಆಡಬಲ್ಲವರನ್ನು ಮೂಕರೆನ್ನುವುದು ತಪ್ಪು. ಆ ಶಬ್ದವನ್ನು ನಾನು ಇಲ್ಲಿ ಬಳಸುವುದಿಲ್ಲ.

ಶಿಲ್ಪವನ್ನು ನಾನು ಛಾಯಾಚಿತ್ರಗಳಲ್ಲಿ ಮಾತ್ರ ಕಂಡವನು. ಅಮೆರಿಕದ ಮೂಲನಿವಾಸಿಗಳಾದ ಇಬ್ಬರು ಬೇಟೆಗಾರರೂ ಒಂದು ಗ್ರಿಜ್ಲಿ ಕರಡಿಯೂ ಮೈಗೆ ಮೈ ಹತ್ತಿ ಹೆಣಗುತ್ತಿರುವ ಕ್ಷಣವದು. ಭರತಮುನಿಯ ಚತುರ್ವಿಧಾಭಿನಯಗಳಲ್ಲಿ ವಾಚಿಕವನ್ನು ಪೂರ್ಣವಾಗಿ ತೊರೆದು, ಆಂಗಿಕವೊಂದರಿಂದಲೇ ರಸವನ್ನು ಸಾಧಿಸಲು ಹೊರಟ ಕೃತಿಯೆಂದು ಇದನ್ನು ಹೇಳಬಹುದು. ಸ್ನಾಯುಗಳ ಬಿಗಿತ, ಬೆನ್ನಿನ ತಿರುವು, ಕಾಲೂರಿದ ಬಗೆ, ಇವೇ ಇಲ್ಲಿನ ಮಾತುಗಳು. ಶರೀರವನ್ನೇ ಭಾಷೆಯಾಗಿ ಬಲ್ಲವನ ಕೈಯಿಂದ ಮಾತ್ರ ಇಂತಹ ಅನುಭಾವಗಳು ಹೊರಟಾವು. ಕಿವುಡ ಸಮಾಜದವರು “ಇದು ನಮ್ಮವನ ಕೃತಿ, ನಮ್ಮ ಶಾಲೆಯ ಸ್ವತ್ತು” ಎಂದು ಹಟ ಹಿಡಿದರೆ ಅದನ್ನು ಬರಿಯ ಮಮಕಾರವೆನ್ನಲಾಗದು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಲನವು ಕಿವುಡ ಮಕ್ಕಳಿಗೆ ಬಾಯಿಮಾತಿನಿಂದಲೇ ಕಲಿಸತಕ್ಕದ್ದೆಂದು ನಿರ್ಣಯಿಸಿ ಕೈಭಾಷೆಯನ್ನು ತಳ್ಳಿಹಾಕಿತು. ಆ ಸಭೆಯಲ್ಲಿ ಕಿವುಡರು ಇಲ್ಲವೆಂಬಷ್ಟು ವಿರಳರಾಗಿದ್ದರು. ಅದಾದ ಹನ್ನೆರಡು ವರ್ಷಕ್ಕೆ ಕಿವುಡನೊಬ್ಬನು ಪ್ಯಾರಿಸಿನಲ್ಲಿ ಈ ಶಿಲ್ಪವನ್ನು ನಿಲ್ಲಿಸಿದನೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಇನ್ನು ಎದುರು ಪಕ್ಷ. ಮೂಲನಿವಾಸಿಗಳನ್ನು ಕಾಡುಮೃಗದೊಡನೆ ಮೃಗಪ್ರಾಯರಾಗಿ ತೋರಿಸಿದೆ ಎಂಬುದು ಅವರ ಆಕ್ಷೇಪದ ಸಾರ. ಇದನ್ನು ನಮ್ಮ ಶಾಸ್ತ್ರದ ಪರಿಭಾಷೆಗೆ ತಂದರೆ ಅದರ ಬಲವು ತಿಳಿಯುವುದು. ವೀರವು ಉತ್ತಮಪ್ರಕೃತಿಗಳಿಗೆ ಸೇರಿದ ರಸವೆಂದೂ, ರೌದ್ರವು ರಾಕ್ಷಸರು, ದಾನವರು, ಉದ್ಧತ ಮನುಷ್ಯರು, ಇವರಿಗೆ ಸಹಜವೆಂದೂ ಭರತನು ವಿಭಾಗಿಸುತ್ತಾನೆ. ಟಿಲ್ಡನ್ನನ ಬೇಟೆಗಾರರು ವೀರರೋ ರೌದ್ರರೋ? ಶಿಲ್ಪವು ಉತ್ತರ ಹೇಳುವುದಿಲ್ಲ. ಉತ್ತರವನ್ನು ನೋಡುವವನು ತನ್ನ ಮನಸ್ಸಿನಿಂದ ತರುತ್ತಾನೆ. ‘ಇವರು ಹುಟ್ಟಿನಿಂದಲೇ ಉದ್ಧತರು’ ಎಂದು ನಂಬಿದ್ದ ಜನಾಂಗದ ನಡುವೆ ಅದು ಯಾವ ಉತ್ತರವಾಗಿದ್ದಿತೆಂದು ಊಹಿಸುವುದು ಕಷ್ಟವಲ್ಲ.

ನಮ್ಮ ಬೇಲೂರಿನಲ್ಲಿಯೂ ಮನುಷ್ಯನು ಮೃಗದೊಡನೆ ಕಾದುವ ಶಿಲ್ಪವಿದೆ. ಅವನಿಗೆ ಸಳನೆಂಬ ಹೆಸರುಂಟು, ಒಂದು ರಾಜವಂಶವೇ ಅವನನ್ನು ಮೂಲಪುರುಷನೆಂದು ಹೇಳಿಕೊಂಡಿತು. ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಹಂದಿಯೊಡನೆ ಹೋರಾಡಿ ಮಡಿದ ನಾಯಿಯ ಹೆಸರನ್ನು ಕೂಡ, ಕಾಳಿ ಎಂದು, ಉಳಿಸಿದೆ. ಟಿಲ್ಡನ್ನನ ಇಬ್ಬರು ಮನುಷ್ಯರಿಗೆ ಹೆಸರಿಲ್ಲ, ಕುಲವಿಲ್ಲ, ಊರಿಲ್ಲ.

ಊರಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ಟಿಲ್ಡನ್ ಹುಟ್ಟಿದುದು ಕ್ಯಾಲಿಫೋರ್ನಿಯಾದ ಚಿಕೊ ಎಂಬ ಊರಿನಲ್ಲಿ. ಅವನಿಗೆ ಮೂರು ವರ್ಷವಾಗಿದ್ದಾಗ, 1863ರಲ್ಲಿ, ಆ ಪ್ರದೇಶದ ಕಾಂಕೌ ಮೈಡು ಮುಂತಾದ ಮೂಲನಿವಾಸಿಗಳನ್ನು ಚಿಕೊದಲ್ಲಿ ಕೂಡಿಹಾಕಿ, ಸೈನಿಕರ ಕಾವಲಿನಲ್ಲಿ ಸುಮಾರು ನೂರು ಮೈಲಿ ದೂರದ ರೌಂಡ್ ವ್ಯಾಲಿಗೆ ಬೆಟ್ಟಗಳನ್ನು ದಾಟಿಸಿ ನಡೆಸಿದರು. ಹೊರಟವರು 461 ಮಂದಿ, ಸೇರಿದವರು 277. ಆ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಣ ಎರಡು ಮೂರು ದಶಕಗಳಲ್ಲಿ ಸುಮಾರು ಒಂದೂವರೆ ಲಕ್ಷದಷ್ಟಿದ್ದ ಮೂಲನಿವಾಸಿಗಳ ಸಂಖ್ಯೆಯು ಮೂವತ್ತು ಸಾವಿರಕ್ಕೆ ಇಳಿಯಿತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಕರಡಿಯ ಗತಿಯೂ ಬೇರೆಯಾಗಲಿಲ್ಲ. ಗ್ರಿಜ್ಲಿಯನ್ನು 1911ರಲ್ಲಿ ಪ್ರಾಂತದ ಧ್ವಜದ ಲಾಂಛನವಾಗಿ ಅಂಗೀಕರಿಸಿದರು. 1920ರ ದಶಕದೊಳಗೆ ಅಲ್ಲಿನ ಕಾಡುಗಳಲ್ಲಿ ಅದು ನಿರ್ಮೂಲವಾಯಿತು.

ಇದನ್ನು ತಿಳಿದು ಮತ್ತೆ ನೋಡಿದರೆ ಶಿಲ್ಪದ ನಿಜವಾದ ದೋಷವು ಕಾಣಬರುತ್ತದೆ. ಅದು ಕ್ರೌರ್ಯವಲ್ಲ, ಕ್ರೌರ್ಯವು ರೌದ್ರಕ್ಕೆ ಭೂಷಣವೇ ಸರಿ. ಒಂದೇ ಕೈಯಿಂದ ಅಳಿಯುತ್ತಿದ್ದ ಇಬ್ಬರನ್ನು ಇಲ್ಲಿ ಪರಸ್ಪರ ಕಾದಲು ಬಿಟ್ಟಿದೆ. ಅಳಿಸುತ್ತಿದ್ದ ಮೂರನೆಯವನು ಶಿಲ್ಪದಲ್ಲಿ ಇಲ್ಲ. ಅವನು ಪೀಠದ ಹೊರಗೆ, ಪ್ರೇಕ್ಷಕನ ಸ್ಥಾನದಲ್ಲಿ, ನಿಂತು ನೋಡುತ್ತಿದ್ದಾನೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ಆ ಪ್ರೇಕ್ಷಕನಿಗೆ ಸುಲಭವಾಗಿ ಆಗುವುದು. ಆದರೆ ಮೂಲನಿವಾಸಿ ಕುಲದ ಬಾಲಕನೊಬ್ಬನು ಎದುರಿಗೆ ನಿಂತರೆ ವಿಭಾವವು ‘ಯಾರೋ ಮನುಷ್ಯ’ನಾಗಿ ಉಳಿಯುವುದಿಲ್ಲ, ‘ನನ್ನ ಅಜ್ಜ’ನಾಗುತ್ತದೆ. ರಸಕ್ಕೆ ಅಲ್ಲಿ ವಿಘ್ನವೊದಗುತ್ತದೆ. ಆ ಬಾಲಕನಲ್ಲಿ ಸಹೃದಯತೆ ಸಾಲದೆಂದು ಯಾವ ವಿಮರ್ಶಕನೂ ಹೇಳಕೂಡದು.

ಟಿಲ್ಡನ್ನನು ಇದನ್ನು ದ್ವೇಷದಿಂದ ಮಾಡಿದನೆಂದು ನಾನು ಹೇಳುವುದಿಲ್ಲ. ಆಗಿನ ಪ್ಯಾರಿಸಿನಲ್ಲಿ ಮನುಷ್ಯಮೃಗಗಳ ಕಾಳಗವು ಶಿಲ್ಪಿಗಳಿಗೆ ಪ್ರಿಯವಾದ ವಸ್ತುವಾಗಿತ್ತು. ಫ್ರೆಮಿಯೇ ಎಂಬವನ, ಕರಡಿಮರಿಯನ್ನು ಕದ್ದವನನ್ನು ತಾಯಿಕರಡಿ ಹಿಡಿದಿರುವ ಶಿಲ್ಪವು ಅಲ್ಲಿನ ಸಸ್ಯೋದ್ಯಾನದಲ್ಲಿದೆ. 1889ರ ಪ್ರದರ್ಶನದ ವರ್ಷ ಬಫಲೋ ಬಿಲ್ಲನ ಆಟದಲ್ಲಿ ಮೂಲನಿವಾಸಿಗಳು ಪ್ಯಾರಿಸಿನವರಿಗೆ ವಿನೋದಪಾತ್ರರಾಗಿದ್ದರು. ರೂಢಿಯು ಕೊಟ್ಟ ವಸ್ತುವನ್ನು ಇವನೂ ತೆಗೆದುಕೊಂಡನು, ಅಷ್ಟೆ. ಆದರೆ ತಮ್ಮ ಪರೋಕ್ಷದಲ್ಲಿ ತಮ್ಮ ವಿಷಯವು ತೀರ್ಮಾನವಾಗುವ ದುಃಖವನ್ನು ಮಿಲಾನಿನಲ್ಲಿ ಉಂಡ ಸಮಾಜಕ್ಕೆ ಸೇರಿದವನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದೆ?

ಸಾನ್ ಫ್ರಾನ್ಸಿಸ್ಕೊ ನಗರದವರು 2018ರಲ್ಲಿ ‘ಆದಿಯ ದಿನಗಳು’ ಎಂಬ ಶಿಲ್ಪಸಮೂಹವನ್ನು ತೆಗೆದುಹಾಕಿದರು. ಈ ಎರಡನ್ನೂ ಸಮವೆಂದು ವಾದಿಸುವುದು ಸಾಧುವಲ್ಲ. ಅಲ್ಲಿ ಮೂಲನಿವಾಸಿಯು ಇತರರ ಕಾಲಬಳಿ ಬಿದ್ದಿದ್ದನು; ಅವಮಾನವೇ ಅದರ ಅರ್ಥ. ಇಲ್ಲಿನವರು ಬಿದ್ದವರಲ್ಲ. ಅರ್ಥವು ಅಪೂರ್ಣವಾಗಿದೆ, ಅಪೂರ್ಣವಾದುದನ್ನು ತುಂಬಬಹುದು.

ಅನೌಚಿತ್ಯವನ್ನು ರಸಭಂಗಕ್ಕೆ ಕಾರಣವೆಂದವರು ಆನಂದವರ್ಧನರು; ದೇಶಕಾಲಗಳನ್ನೂ ಔಚಿತ್ಯದ ಸ್ಥಾನಗಳಲ್ಲಿ ಎಣಿಸಿದವನು ಕ್ಷೇಮೇಂದ್ರ. ಆದುದರಿಂದ ನನ್ನ ಅಭಿಪ್ರಾಯವಿದು: ಕೃತಿಯು ಶಾಲೆಯಲ್ಲಿಯೇ ಇರಲಿ, ಆದರೆ ಪ್ರತಿಯೊಂದು ಮಗುವೂ ದಿನವೂ ಹಾಯಲೇಬೇಕಾದ ದಾರಿಯಲ್ಲಿ ಬೇಡ. ಟಿಲ್ಡನ್ನನ ಜೀವನವನ್ನು ಪಾಠ ಹೇಳುವ ಸ್ಥಳದಲ್ಲಿ, ಚಿಕೊದಿಂದ ಹೊರಟ 461 ಮಂದಿಯ ಕಥೆಯೊಡನೆ ಇರಲಿ. ಆ ಕಥೆಯನ್ನು ಆ ಕುಲದವರೇ ಬರೆಯಲಿ, ಕೈಭಾಷೆಯಲ್ಲಿಯೂ ಹೇಳುವ ಏರ್ಪಾಡಾಗಲಿ. ಮಕ್ಕಳನ್ನು ಇದರ ಮುಂದೆ ನಿಲ್ಲಿಸುವ ಮೊದಲು ಉಪಾಧ್ಯಾಯರು ಒಮ್ಮೆ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೆ ಕರೆದೊಯ್ದು, ಇವನದೇ ‘ಫುಟ್‌ಬಾಲ್ ಆಟಗಾರರು’ ಎಂಬ ಶಿಲ್ಪವನ್ನು ತೋರಿಸಿದರೆ ಒಳ್ಳೆಯದು. ಅಲ್ಲಿಯೂ ಎರಡು ಶರೀರಗಳು ಒಂದನ್ನೊಂದು ಮುಟ್ಟಿವೆ. ಒಬ್ಬ ಆಟಗಾರನು ಬಗ್ಗಿ ಗೆಳೆಯನ ಪೆಟ್ಟಾದ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾನೆ.