ಸೌಟು, ಸೀಸ ಮತ್ತು ಎರಡು ದಪ್ಪ ಪುಸ್ತಕ

ಟೆಕ್ಸಾಸ್‌ನಲ್ಲಿ ಆನ್‌ಸೈಟ್ ಇದ್ದಾಗ ನನ್ನ ಬಹುಪಾಲು ಶನಿವಾರಗಳು ಕಳೆದಿದ್ದು ಹಳೇ ಹಾಸ್ಟೆಲ್ ರೂಮ್‌ಮೇಟ್ ಒಬ್ಬನ ಗ್ಯಾರೇಜಿನಲ್ಲಿ. ಅವನಿಗೆ ಅಲ್ಲಿನ ಪೌರತ್ವ ಸಿಕ್ಕಿ ಮೂರು ವರ್ಷ ಆಗಿತ್ತು. ರೇಂಜ್‌ಗೆ ಹೋಗಿ ಪಿಸ್ತೂಲಲ್ಲಿ ಗುರಿ ಹೊಡೆಯೋ ಹುಚ್ಚು ಹತ್ತಿತ್ತು. ಕೊರೊನಾ ಕಾಲದಲ್ಲಿ ತೋಟಾಗಳ ರೇಟು ಸಿಕ್ಕಾಪಟ್ಟೆ ಏರಿತಲ್ಲ, ಆಮೇಲೆ ಒಂದಿನ, "ನಾವೇ ತುಂಬ್ಕೊಳ್ಳೋಣ ಮಾರಾಯ, ಗುಂಡನ್ನೂ ನಾವೇ ಎರಕ ಹೊಯ್ಯೋಣ" ಅಂದ.

ಆ "ನಾವು"ನಲ್ಲಿ ನಾನು ಸೇರುವ ಹಾಗಿರಲಿಲ್ಲ. ಎಚ್-1ಬಿ ವೀಸಾದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನೊಂದಿಷ್ಟು ಮಂದಿಗೆ ಮಾತ್ರ ವಿನಾಯಿತಿ. ಮದ್ದುಗುಂಡು ಅಂದರೆ ಪೂರ್ತಿ ತೋಟಾ ಮಾತ್ರ ಅಂದುಕೊಳ್ಳಬೇಡಿ. ಖಾಲಿ ಹಿತ್ತಾಳೆ ಕೇಸು, ಪ್ರೈಮರು, ಬರೀ ಗುಂಡು, ಮದ್ದು ಎಲ್ಲವೂ ಆ ವ್ಯಾಖ್ಯಾನದೊಳಗೆ ಬರುತ್ತವೆ. ಅಲ್ಲಿ ಹೋಗುವ ನಮ್ಮ ಹುಡುಗರು ಬಂದೂಕು ಹಿಡಿದು ಫೋಟೋ ಹಾಕುವಾಗ ಇದನ್ನು ಯೋಚಿಸಿರೋದು ಅನುಮಾನ. ಕೊನೆಗೆ ಕೆಲಸ ಹಂಚಿಕೊಂಡೆವು. ಅವನು ಕೈ, ನಾನು ಕಣ್ಣು. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಪುಸ್ತಕ ಓದಿ ಹೇಳೋದು ನನ್ನ ಡ್ಯೂಟಿ. ಈ ವಿಮರ್ಶೆ ಆ ಕುರ್ಚಿಯಲ್ಲಿ ಕೂತವನದು ಅಂತ ಮೊದಲೇ ಹೇಳಿಬಿಡ್ತೀನಿ.

ಪುಸ್ತಕ ಎರಡು. ಒಂದು ರಿಚರ್ಡ್ ಲೀ ಬರೆದ 'ಮಾಡರ್ನ್ ರೀಲೋಡಿಂಗ್'. ಇನ್ನೊಂದು ಲೈಮನ್ ಕಂಪನಿಯ 'ಕಾಸ್ಟ್ ಬುಲೆಟ್ ಹ್ಯಾಂಡ್‌ಬುಕ್', 2010ರ ನಾಲ್ಕನೇ ಆವೃತ್ತಿ. ಗೊತ್ತಿಲ್ಲದವರಿಗೆ ಎರಡೇ ಮಾತು: ತೋಟಾದಲ್ಲಿ ನಾಲ್ಕು ಭಾಗ, ಹಿತ್ತಾಳೆ ಕೇಸು, ಅದರ ತಳದಲ್ಲಿ ಕಿಡಿ ಹಾರಿಸುವ ಪ್ರೈಮರು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಕೇಸು ಉಳಿಯುತ್ತೆ. ಅದನ್ನು ತೊಳೆದು, ಅಳತೆಗೆ ತಂದು, ಉಳಿದ ಮೂರನ್ನು ಮತ್ತೆ ತುಂಬೋದೇ ರೀಲೋಡಿಂಗ್. ಗುಂಡನ್ನು ಕೊಳ್ಳುವ ಬದಲು ಸೀಸ ಕರಗಿಸಿ ಅಚ್ಚಿಗೆ ಹೊಯ್ದರೆ ಖರ್ಚು ಇನ್ನೂ ಇಳಿಯುತ್ತೆ. (ಭಾರತದಲ್ಲಿ ಕೂತು ಓದುತ್ತಿರುವವರು ಉತ್ಸಾಹ ಪಡಬೇಡಿ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಷಿದ್ಧ.)

ರಿಚರ್ಡ್ ಲೀ 1958ರಲ್ಲಿ ಮನೆಯ ವರ್ಕ್‌ಶಾಪಿನಲ್ಲಿ ತೋಟಾ ತುಂಬುವ ಒಂದು ಪುಟ್ಟ ಸಾಧನ ಮಾಡಿ, ಅದರಿಂದಲೇ ಕಂಪನಿ ಕಟ್ಟಿದ ಮನುಷ್ಯ. ಪುಸ್ತಕದಲ್ಲೂ ಆ ಆಸಾಮಿಯೇ ಕೂತಿದ್ದಾನೆ. ಜಗಳಗಂಟ, ಜಾಣ, ತನ್ನ ಮಾಲು ಬಿಟ್ಟು ಬೇರೇನೂ ಒಪ್ಪದವನು. ಯಾವ ಅಧ್ಯಾಯ ತೆಗೆದರೂ ಸ್ವಲ್ಪ ಹೊತ್ತಿಗೆ ಲೀ ಕಂಪನಿಯ ಸಾಧನ ಹಾಜರು. ಮೊದಮೊದಲು ನಗು ಬರುತ್ತೆ, ಆಮೇಲೆ ಸಾಕಪ್ಪಾ ಅನ್ಸುತ್ತೆ. ಆದರೂ ಒಂದು ಮಾತು ಒಪ್ಪಬೇಕು, ಆ ಪುಸ್ತಕ ಓದಿಸಿಕೊಂಡು ಹೋಗುತ್ತೆ. ಲೈಮನ್‌ಗೆ ಆ ಗುಣ ಇಲ್ಲ. ಅದು 1878ರಷ್ಟು ಹಳೇ ಕಂಪನಿ, ಗುಮಾಸ್ತರ ಭಾಷೆ. ಅಚ್ಚುಗಳಿಗೆ ಹೆಸರಿಲ್ಲ, ನಂಬರ್. 358477 ಅಂದರೆ ಮೊದಲ ಮೂರು ಅಂಕಿ ಗುಂಡಿನ ವ್ಯಾಸ, ಇಂಚಿನ ಸಾವಿರದಲ್ಲಿ 358 ಭಾಗ. ಇಷ್ಟು ಗೊತ್ತಾದ ಮೇಲೆ ಕೋಷ್ಟಕಗಳನ್ನು ಓದೋದು ಲಾಗ್ ಫೈಲ್ ಓದಿದಷ್ಟೇ ಸಲೀಸು.

ಲೀ ಪುಸ್ತಕದಲ್ಲಿ ನನ್ನಂಥ ಬಿಇ ಮಾಡಿದವರು ಬಿದ್ದು ಹೋಗುವ ಒಂದು ಅಧ್ಯಾಯ ಇದೆ. ಸೀಸದ ಗಡಸುತನವನ್ನು ಬ್ರಿನೆಲ್ ಅಂಕಿಯಲ್ಲಿ ಅಳೆದು 1422ರಿಂದ ಗುಣಿಸಿ, ಅದರ ಶೇ. 90ರೊಳಗೆ ತೋಟಾದ ಒತ್ತಡ ಇದ್ದರೆ ಗುರಿ ಚೆನ್ನಾಗಿ ಕೂರುತ್ತೆ ಅನ್ನೋದು ಅವರ ಸೂತ್ರ. ಶೇ. 90 ಸೀಸ, 5 ತವರ, 5 ಆಂಟಿಮನಿ ಸೇರಿದ 'ಲೈಮನ್ ನಂ. 2' ಮಿಶ್ರಲೋಹದ ಅಂಕಿ ಸುಮಾರು 15. ಲೆಕ್ಕ ಹಾಕಿದರೆ ಮಿತಿ ಸುಮಾರು 19,200 ಪಿಎಸ್‌ಐ. ಪಾಯಿಂಟ್ 38 ಸ್ಪೆಷಲ್ ರಿವಾಲ್ವರಿನ ಗರಿಷ್ಠ ಒತ್ತಡ 17,000, ಹಾಗಾಗಿ ಪಾಸ್. ಗೆಳೆಯನ 9 ಎಂಎಂ ಪಿಸ್ತೂಲಿನದು 35,000. ಫೇಲ್.

ಮೊದಲ ಸಲ ಎರಕ ಹೊಯ್ದ ಗುಂಡುಗಳನ್ನು 9 ಎಂಎಂನಲ್ಲಿ ಹೊಡೆದು ಬಂದಾಗ ನಳಿಗೆಯೊಳಗೆ ಸೀಸ ಮೆತ್ತಿಕೊಂಡಿತ್ತು. ಬ್ರಷ್ ಹಾಕಿ ಉಜ್ಜಿ ಉಜ್ಜಿ ಅವನ ಭುಜ ಬಿದ್ದುಹೋಯ್ತು. ನಾನು ಕುರ್ಚಿಯಿಂದಲೇ ತೀರ್ಪು ಕೊಟ್ಟೆ: ಸೀಸ ಮೆತ್ತಗಾಯ್ತು, ಸೂತ್ರ ನೋಡು. ಅವನು ದುಡ್ಡು ಸುರಿದು ಗಟ್ಟಿ ಮಿಶ್ರಲೋಹ ತರಿಸಿದ. ಹಳೇ ಮುದ್ರಣಾಲಯಗಳ ಅಚ್ಚುಮೊಳೆಯ ಲೋಹ, ಲೈನೋಟೈಪ್, ಬ್ರಿನೆಲ್ 22ರ ಆಸುಪಾಸು. ಮತ್ತೆ ಮೆತ್ತಿಕೊಂಡಿತು.

ಆಗ ಲೈಮನ್ ತೆಗೆದೆ. ಮೊದಲು ನಿನ್ನ ನಳಿಗೆಯನ್ನು ಅಳೆ ಅನ್ನುತ್ತೆ ಅದು. ಮೆತ್ತನೆ ಸೀಸದ ತುಂಡೊಂದನ್ನು ನಳಿಗೆಯೊಳಗೆ ತಳ್ಳಿ ಹೊರಗೆ ತೆಗೆದು ಮೈಕ್ರೋಮೀಟರ್ ಹಿಡಿ. ಹಿಡಿದರೆ, ನಳಿಗೆಯ ಒಳಗಾಡಿ ಸಾವಿರಕ್ಕೆ 356. ನಮ್ಮ ಗುಂಡು 355. ಕಾರ್ಖಾನೆಯ ತಾಮ್ರದ ಕವಚದ ಗುಂಡಿನ ಅಳತೆ ಅದು, ಎರಕದ ಗುಂಡಿಗೆ ಸಾಲದು. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆ ಸಂದು ಸಿಕ್ಕರೂ ಬಿಸಿ ಅನಿಲ ಅಲ್ಲಿ ನುಗ್ಗಿ ಸೀಸವನ್ನು ಕೆತ್ತಿಕೊಂಡು ಹೋಗುತ್ತೆ. 357ಕ್ಕೆ ತಂದ ಮೇಲೆ ಹಳೇ ಮೆತ್ತನೆ ಮಿಶ್ರಲೋಹವೇ ಸಾಕಾಯ್ತು, ನಳಿಗೆ ಕನ್ನಡಿ. ಸೂತ್ರದ ಪ್ರಕಾರ ಗರಿಷ್ಠ ಒತ್ತಡಕ್ಕೆ ಆ ಲೈನೋಟೈಪೂ ಸಾಲದು, ಬ್ರಿನೆಲ್ 27 ದಾಟಬೇಕು. ಚಕ್ರದ ತೂಕಕ್ಕೆ ಹಾಕುವ ಹಳೇ ಸೀಸದ ತುಂಡು ಕರಗಿಸಿ 9 ಎಂಎಂನಲ್ಲಿ ಚೆನ್ನಾಗೇ ಹೊಡೆಯುವವರು ಅಮೆರಿಕದಲ್ಲಿ ಬೇಕಾದಷ್ಟು ಮಂದಿ. ಲೀ ತಪ್ಪು ಬರೆದಿದ್ದಾರೆ ಅಂತ ನಾನು ಹೇಳಲ್ಲ. ಅವರು ಮಾತಾಡ್ತಿರೋದು ಗುರಿಯ ನಿಖರತೆ ಬಗ್ಗೆ. ಆದರೆ ಸೂತ್ರ ಅನ್ನೋದು ಎಷ್ಟು ಹೊಳೆಯುತ್ತೆ ಅಂದರೆ ಪಕ್ಕದಲ್ಲಿ ಮಂಕಾಗಿ ಕೂತಿರೋ ವ್ಯಾಸ ಹೊಸಬನ ಕಣ್ಣಿಗೇ ಬೀಳಲ್ಲ.

ಎರಡೂ ಪುಸ್ತಕಗಳ ಮೇಲೆ ನನ್ನ ದೊಡ್ಡ ತಕರಾರು ಇದೇ. ಪುಸ್ತಕ ಯಾವುದಕ್ಕೆ ಎಷ್ಟು ಪುಟ ಕೊಡುತ್ತೋ ಹೊಸಬನಿಗೆ ಅದರ ಮೇಲೆ ಅಷ್ಟೇ ಭಯ, ಅಷ್ಟೇ ಶ್ರದ್ಧೆ.

ಮದ್ದಿನ ವಿಚಾರಕ್ಕೆ ಬಂದರೆ ಭಯ ಚೆನ್ನಾಗಿ ಹುಟ್ಟಿಸ್ತಾರೆ, ಹುಟ್ಟಿಸಲೇಬೇಕು. ಪಾಯಿಂಟ್ 38 ಸ್ಪೆಷಲ್ 1898ರಷ್ಟು ಹಳೇ ತೋಟಾ, ಕೇಸಿನ ಹೊಟ್ಟೆ ಕರಿಮದ್ದಿನ ಕಾಲದ ಅಳತೆಯದು. ಈಗಿನ ಮದ್ದು ಚಿಟಿಕೆಯಷ್ಟು ಸಾಕು. ಎರಡು ಸಲ ಬಿದ್ದರೂ ಕೇಸು ತುಂಬಲ್ಲ, ಗೊತ್ತೇ ಆಗಲ್ಲ. ಗುಂಡು ಕೂರಿಸುವ ಮುಂಚೆ ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡೋದನ್ನ ನನ್ನ ಗೆಳೆಯ ಒಂದು ದಿನವೂ ತಪ್ಪಿಸಲಿಲ್ಲ. ಕರಗಿದ ಸೀಸಕ್ಕೆ ನೀರಿನ ಹನಿ ಬಿದ್ದರೆ ಸಿಡಿಯುತ್ತೆ ಅಂತ ಓದಿ ಹೇಳಿದ ಮೇಲೆ ಬೆವರೊರೆಸಲು ಹಣೆಗೆ ಟವೆಲ್ ಕಟ್ಟಿಕೊಂಡ. ಸೀಸದ ವಿಷದ ಎಚ್ಚರಿಕೆಯೂ ಇತ್ತು: ಗಾಳಿ ಆಡಲಿ, ಅಲ್ಲಿ ಏನೂ ತಿನ್ನಬೇಡಿ, ಕೈ ತೊಳೀರಿ. ಅದನ್ನೂ ಓದಿದೆ. ಅವನು ಬಾಗಿಲು ತೆಗೆದು ಫ್ಯಾನ್ ಹಾಕಿದ. ಇಬ್ಬರೂ ಹೆದರಿದ್ದು ಹೊಗೆಗೆ.

ಹೊಗೆ ಅಷ್ಟೇನೂ ಅಪಾಯ ಅಲ್ಲ ಅಂತ ಆಮೇಲೆ ತಿಳೀತು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಎರಕ ಹೊಯ್ಯೋದು 370–400ರ ಹತ್ತಿರ. ಆ ಶಾಖಕ್ಕೆ ಆವಿಯಾಗೋ ಸೀಸ ತೀರಾ ಕಮ್ಮಿ, ಅದು ಕುದಿಯೋದೇ 1700 ದಾಟಿದ ಮೇಲೆ. ಅಪಾಯ ಇರೋದು ಪುಡಿಯಲ್ಲಿ. ಪಾತ್ರೆಯ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ ಒಂದು. ಎರಡನೆಯದು ಯಾರೂ ಅನುಮಾನಿಸದ ಜಾಗ: ಬಳಸಿದ ಕೇಸುಗಳನ್ನು ಹೊಳಪಿಸುವ ಯಂತ್ರ. ಅದಕ್ಕೆ ಟಂಬ್ಲರ್ ಅಂತಾರೆ, ನಾನು ಮೊದಲು ಕಾಫಿ ಲೋಟ ಅಂದುಕೊಂಡೆ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಕೇಸುಗಳನ್ನು ಗಂಟೆಗಟ್ಟಲೆ ಅಲ್ಲಾಡಿಸುತ್ತೆ. ಸಾಮಾನ್ಯ ಪ್ರೈಮರಿನಲ್ಲಿರೋದು ಲೆಡ್ ಸ್ಟಿಫ್ನೇಟ್. ಅದು ಉರಿದು ಕೇಸಿನೊಳಗೆ ಅಂಟಿದ ಮಸಿ ಪೂರ್ತಿ ಆ ಪುಡಿಗೆ ಸೇರುತ್ತೆ. ಆಮೇಲೆ ಜರಡಿ ಹಿಡಿದರೆ ಗ್ಯಾರೇಜ್ ತುಂಬ ಧೂಳು. ಗ್ಯಾರೇಜಿಂದ ಚಪ್ಪಲಿ, ಚಪ್ಪಲಿಯಿಂದ ಕಾರ್ಪೆಟ್, ಕಾರ್ಪೆಟ್ ಮೇಲೆ ಒಂದೂವರೆ ವರ್ಷದ ಮಗು.

ಮಗುವಿನ ರಕ್ತ ಪರೀಕ್ಷೆಯಲ್ಲಿ ಸೀಸ 6 ಬಂತು. ಡೆಸಿಲೀಟರ್‌ಗೆ ಮೈಕ್ರೋಗ್ರಾಂ ಲೆಕ್ಕ. ಅಮೆರಿಕದ ಸಿಡಿಸಿ 2021ರಲ್ಲಿ ಇಳಿಸಿದ ಗಮನಾರ್ಹ ಮಟ್ಟ 3.5. ಅವನ ಹೆಂಡತಿ ಫೋನ್ ಮಾಡಿ ನನಗೆ ಕೇಳಿದ್ದು ಒಂದೇ ಪ್ರಶ್ನೆ: "ಪುಸ್ತಕ ಓದ್ತಾ ಇದ್ದಿದ್ದು ನೀವಲ್ವಾ?"

ಹೌದು, ನಾನೇ. ಎಲ್ಲ ಓದಿದ್ದೆ. ಆದರೆ ಆ ಎಚ್ಚರಿಕೆ ಒಂದು ಕಡೆ ಹೇಳಿ ಮುಗಿಸಿದ ಮಾತಾಗಿ ನನ್ನ ತಲೆಯಲ್ಲಿ ಉಳಿದಿತ್ತು, ಮಾಡೋ ಕೆಲಸದ ಹೆಜ್ಜೆಯಾಗಿ ಉಳಿದಿರಲಿಲ್ಲ. ಮದ್ದಿನ ತೂಕ ಪ್ರತಿ ತೋಟಾಕ್ಕೂ ಕೋಷ್ಟಕದಲ್ಲಿ ಮತ್ತೆ ಮತ್ತೆ ಬರುತ್ತೆ. ಜರಡಿ ಹಿಡಿಯೋದು ಹೊರಗೆ, ಬಟ್ಟೆ ಬೇರೆ ಒಗೀಬೇಕು, ಚಪ್ಪಲಿ ಒಳಗೆ ಬರಬಾರದು, ಇವೂ ಅದೇ ಥರ ಹೆಜ್ಜೆ ಹೆಜ್ಜೆಗೂ ಬಂದಿದ್ದರೆ? ನಾನಂತೂ ಆ ಪುಟ ದಾಟಿ ಬಂದುಬಿಟ್ಟಿದ್ದೆ.

ಆ ರಾತ್ರಿ ನೆನಪಾಗಿದ್ದು ಊರಿನ ಕಬ್ಬಿಣದ ಸೌಟು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನಿಗೆ ಬೆಳೆ ರಕ್ಷಣೆಗೆ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು. ಹಂದಿ ಕಾಟಕ್ಕೆ. (ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರೋದೊಂದು ಕೆಲಸ.) ಬಲೆಗೆ ಕಟ್ಟುವ ಸೀಸವನ್ನು ಆ ಸೌಟಿನಲ್ಲಿ ಕರಗಿಸಿ ಗುಂಡು ಮಾಡ್ತಿದ್ದರು, ಅಂಗಳದ ಆಚೆ, ಮೂರು ಕಲ್ಲಿನ ಒಲೆಯಲ್ಲಿ. ಸೌಟು ಕೊಟ್ಟಿಗೆಯ ಸೂರಿನಲ್ಲೇ ಇರಬೇಕು, ಜಗುಲಿ ಹತ್ತೋ ಹಾಗಿಲ್ಲ. ಅಜ್ಜ ಬಚ್ಚಲಿಗೆ ಹೋಗಿ ಮಿಂದೇ ಒಳಗೆ ಬರಬೇಕು. ಅಜ್ಜಿಗೆ ಸೀಸದ ವಿಷ ಗೊತ್ತಿತ್ತು ಅಂತ ಬರೆದರೆ ಚೆಂದ ಕಾಣುತ್ತೆ, ಆದರೆ ಸುಳ್ಳು. ಅವಳಿಗಿದ್ದದ್ದು ಬೇಟೆಯ ಮೈಲಿಗೆ. ಅದೇ ಮೈಲಿಗೆ ಹೆಸರಲ್ಲಿ ಅವಳು ತೋಟದ ಕೆಲಸದವರನ್ನೂ ಜಗುಲಿ ಹತ್ತಿಸ್ತಿರಲಿಲ್ಲ, ಹಾಗಾಗಿ ಹೊಗಳೋಕೆ ನನಗೆ ಮನಸ್ಸಿಲ್ಲ. ಆದರೂ ಅವಳ ನಿಯಮ ಕೆಲಸದೊಳಗೇ ಹೊಲಿದುಕೊಂಡಿತ್ತು. ಮೀಯದೆ ಊಟ ಸಿಗ್ತಿರಲಿಲ್ಲ.

ಗೆಳೆಯ ಹವ್ಯಾಸ ಬಿಟ್ಟಿಲ್ಲ. ಟಂಬ್ಲರ್ ಬದಲಾಯಿಸಿ ನೀರಿನಲ್ಲಿ ತೊಳೆಯೋ ಯಂತ್ರ ತಂದಿದ್ದಾನೆ, ಧೂಳು ಏಳಲ್ಲ. ಎರಕ ಹಿತ್ತಲಿಗೆ ಹೋಗಿದೆ. ಗ್ಯಾರೇಜಿಗೇ ಬೇರೆ ಚಪ್ಪಲಿ, ಬೇರೆ ಅಂಗಿ. ದುಡ್ಡು ಉಳೀತಾ ಅಂತ ಕೇಳಿದೆ. ಉಳಿದಿದ್ದೆಲ್ಲ ಮೈಕ್ರೋಮೀಟರು, ಲೈನೋಟೈಪು, ಕಾರ್ಪೆಟ್ ಕಿತ್ತು ಹಾಕಿಸಿದ ಬಿಲ್ಲಿಗೆ ಹೋಯ್ತು ಅಂದ.

ಕಾನೂನು ಬಿಡುವ ಊರಲ್ಲಿದ್ದು ಈ ಕೆಲಸಕ್ಕೆ ಇಳಿಯುವವರು ಯಾವ ಪುಸ್ತಕ ಕೊಳ್ಳಲಿ ಅಂದರೆ ಲೈಮನ್ ಕೊಳ್ಳಿ. ಲೀ ಯಾರ ಹತ್ತಿರವಾದರೂ ಇಸ್ಕೊಂಡು ಓದಿ, ಮಜಾ ಇದೆ, 1422 ಕಂಡಾಗ ಪೆನ್ನು ಕೆಳಗಿಡಿ. ಎರಡರಲ್ಲೂ ಸೀಸದ ಎಚ್ಚರಿಕೆಯ ಪುಟ ಹುಡುಕಿ, ಜೆರಾಕ್ಸ್ ಮಾಡಿ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿ. ಅವನ ಗೋಡೆಯಲ್ಲಿ ಅದರ ಕೆಳಗೆ ಅವನ ಹೆಂಡತಿ ಕೈಯಲ್ಲಿ ಬರೆದ ಮೂರು ಅಂಕಿಗಳಿವೆ: 6, 4.1, 2.8.