ನೀಲಿ ಬಲೆಯ ಬಟ್ಟಲು

ಬಿಳಿ ಪಿಂಗಾಣಿಯ ಮೈಮೇಲೆ ಕಡುನೀಲಿ ಗೆರೆಗಳು ಓರೆಯಾಗಿ ಹೆಣೆದುಕೊಂಡಿವೆ. ಗೆರೆಗಳು ಕೂಡುವಲ್ಲೆಲ್ಲ ಚಿನ್ನದ ಪುಟ್ಟ ಚುಕ್ಕಿ. ಲೆನಿನ್‌ಗ್ರಾಡಿನ ಲೊಮೊನೊಸೊವ್ ಕಾರ್ಖಾನೆಯ ‘ಕೋಬಾಲ್ಟ್ ಬಲೆ’ ಚಹಾ ಬಟ್ಟಲು ಇದು.

1744ರಲ್ಲಿ ಅರಮನೆಗಾಗಿ ಹುಟ್ಟಿದ ಈ ಕಾರ್ಖಾನೆಯನ್ನು ಬೊಲ್ಶೆವಿಕರು 1918ರಲ್ಲಿ ರಾಷ್ಟ್ರೀಕರಿಸಿದರು. ಸೋಜಿಗವೆಂದರೆ, ಅದರ ಹೊಣೆ ಹೋದದ್ದು ಶಿಕ್ಷಣ ಖಾತೆಗೆ! ಉಗ್ರಾಣದಲ್ಲಿ ಚಿತ್ರ ಬರೆಯದ ತಟ್ಟೆಗಳು ರಾಶಿ ಬಿದ್ದಿದ್ದವು. ತಳದಲ್ಲಿ ಝಾರ್ ದೊರೆಯ ಮುದ್ರೆ. ಬಿಸಾಡಲಿಲ್ಲ. ಮುದ್ರೆಗೆ ಬಣ್ಣದ ತೇಪೆ ಹಚ್ಚಿ, ಪಕ್ಕದಲ್ಲಿ ಕುಡುಗೋಲು-ಸುತ್ತಿಗೆ ಬರೆದರು. ಸೆರ್ಗೆಯ್ ಚೆಖೋನಿನ್ ಮುಂದಾಳತ್ವದಲ್ಲಿ ಕಲಾವಿದರು ತಟ್ಟೆಗಳ ಮೇಲೆ ಕ್ರಾಂತಿಯ ಘೋಷಣೆ ಬಿಡಿಸಿದರು. ತುತ್ತಿಗೆ ತತ್ವಾರವಿದ್ದ ದಿನಗಳಲ್ಲಿ ಊಟದ ತಟ್ಟೆಯೇ ಭಿತ್ತಿಪತ್ರವಾಯಿತು.

ಸರ್ಕಾರಿ ಕಾರ್ಖಾನೆ ಎಂದರೆ ಲೆಕ್ಕ, ಗುರಿ, ಕಡತ. ಅವೆಲ್ಲ ಇಲ್ಲೂ ಇದ್ದವು. ಆದರೆ ಕಲಾವಿದರಿಗೆಂದೇ ಒಂದು ಪ್ರಯೋಗಶಾಲೆಯೂ ಇತ್ತು. 1932ರಿಂದ ಮುಖ್ಯ ಕಲಾವಿದನಾಗಿದ್ದ ನಿಕೊಲಾಯ್ ಸುಯೆಟಿನ್, ಅಮೂರ್ತ ಚಿತ್ರಕಾರ ಮಾಲೆವಿಚ್‌ನ ಶಿಷ್ಯ. ಆ ಪ್ರಯೋಗಶಾಲೆಯ ನೆರಳಿನಲ್ಲೇ ಕಲಾವಿದೆ ಆನ್ನಾ ಯಾಟ್ಸ್ಕೆವಿಚ್ ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಈ ಬಲೆಯನ್ನು ನೇಯ್ದಳು. ಜರ್ಮನ್ ಸೇನೆ ಊರಿಗೆ ಹಾಕಿದ್ದ ಮುತ್ತಿಗೆಯ ಕಾಲದಲ್ಲಿ ಕಿಟಕಿ ಗಾಜಿಗೆ ಅಡ್ಡಡ್ಡ ಅಂಟಿಸಿದ್ದ ಕಾಗದದ ಪಟ್ಟಿಗಳೇ ಇದಕ್ಕೆ ಸ್ಫೂರ್ತಿ ಎಂಬ ಮಾತಿದೆ.

ಕೋಬಾಲ್ಟ್ ಬಳಿದಾಗ ಮಂಕಾಗಿರುತ್ತದೆ. ಗೂಡಿನ ಬೆಂಕಿಯಲ್ಲಿ ಬೆಂದ ಮೇಲೇ ಈ ನೀಲಿ. ಚಿನ್ನ ಕೂರುವುದು ಆಮೇಲೆ. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಇದಕ್ಕೆ ಚಿನ್ನದ ಪದಕ ಬಂತು; 1952ರಲ್ಲೇ ತೀರಿಕೊಂಡಿದ್ದ ಆನ್ನಾಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. ಆ ಸೋವಿಯತ್ ದೇಶವೂ ಈಗಿಲ್ಲ. ಬಟ್ಟಲಲ್ಲಿ ಮಾತ್ರ ಚಹಾ ಇನ್ನೂ ಹಬೆಯಾಡುತ್ತಿದೆ.