ಒಗೆದು ಒಣಗಿಸುವ ಯಂತ್ರ: ಕೊಳ್ಳುವ ಮುನ್ನ ಒಂದು ಲೆಕ್ಕ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಶಿಗ್ಗಾಂವಿಗಿಂತ ಮೊದಲು ಸಿಗುವ ಊರು ತಡಸ. ಇಲ್ಲಿಂದ ಪಡುವಣಕ್ಕೆ ಮುಂಡಗೋಡದ ರಸ್ತೆ ಹಿಡಿದರೆ ಮಲೆನಾಡು, ಮೂಡಣಕ್ಕೆ ಬಯಲುಸೀಮೆ. ಇಂಥ ಅಂಚಿನ ಊರುಗಳಲ್ಲಿ ವರ್ಷದ ಬಹುಪಾಲು ಬಟ್ಟೆ ಒಣಗಿಸುವುದು ಸಮಸ್ಯೆಯೇ ಅಲ್ಲ. ಆದರೆ ಆಷಾಢ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಇದಕ್ಕೆ ಪರಿಹಾರವೆಂದು ಅಂಗಡಿಗಳು ಮುಂದಿಡುತ್ತಿರುವುದು ಒಗೆಯುವ ಮತ್ತು ಒಣಗಿಸುವ ಎರಡೂ ಕೆಲಸ ಮಾಡುವ ಒಂದೇ ಯಂತ್ರ. ಕೊಳೆ ಬಟ್ಟೆ ಹಾಕಿ ಗುಂಡಿ ಒತ್ತಿದರೆ ಒಣಗಿದ ಬಟ್ಟೆ ಕೈಗೆ ಬರುತ್ತದೆ ಎಂಬುದು ಅದರ ಆಶ್ವಾಸನೆ. ಅದು ಎಷ್ಟರ ಮಟ್ಟಿಗೆ ನಿಜ, ಅದಕ್ಕೆ ತೆರುವ ಬೆಲೆ ಏನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಹಿಂಡುವುದು ಅಗ್ಗ, ಆವಿ ಮಾಡುವುದು ದುಬಾರಿ

ಬಟ್ಟೆಯಿಂದ ನೀರನ್ನು ಹೊರಹಾಕಲು ಎರಡು ದಾರಿಗಳಿವೆ. ಮೊದಲನೆಯದು ಡ್ರಮ್ಮನ್ನು ವೇಗವಾಗಿ ತಿರುಗಿಸಿ ಹಿಂಡುವುದು. ಇಲ್ಲಿ ನೀರು ದ್ರವರೂಪದಲ್ಲೇ ಹೊರಬೀಳುವುದರಿಂದ ವಿದ್ಯುತ್ ಖರ್ಚು ಬಹಳ ಕಡಿಮೆ. ಎರಡನೆಯದು ಕಾಯಿಸಿ ಆವಿ ಮಾಡುವುದು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 2,400 ಕಿಲೋಜೂಲ್ ಗುಪ್ತೋಷ್ಣ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು 0.67 ಯೂನಿಟ್. ಯಾವ ತಯಾರಕರೂ ಈ ಖರ್ಚನ್ನು ತಪ್ಪಿಸಲಾರರು. ಇದು ನೀರಿನ ಗುಣ.

4 ಕಿಲೋ ಹತ್ತಿ ಬಟ್ಟೆಯನ್ನು ನಿಮಿಷಕ್ಕೆ 1,200 ಸುತ್ತಿನ ವೇಗದಲ್ಲಿ ಹಿಂಡಿದ ಮೇಲೂ ಅದರಲ್ಲಿ ಸುಮಾರು 2 ಲೀಟರ್ ನೀರು ಉಳಿದಿರುತ್ತದೆ. ಇಷ್ಟನ್ನು ಆವಿ ಮಾಡಲು ಕನಿಷ್ಠ 1.3 ಯೂನಿಟ್ ಬೇಕು. ಬಟ್ಟೆ, ಡ್ರಮ್ಮು ಬಿಸಿಯಾಗಲು ಮತ್ತು ಹೊರಗೆ ಸೋರುವ ಶಾಖಕ್ಕೆ ಮತ್ತಷ್ಟು ಸೇರಿದರೆ ಒಂದು ಬಾರಿಗೆ 2ರಿಂದ 2.5 ಯೂನಿಟ್ ಆಗುತ್ತದೆ. ತಣ್ಣೀರಿನಲ್ಲಿ ಒಗೆಯುವ ಖರ್ಚು ಇದರ ಸಣ್ಣ ಪಾಲು ಮಾತ್ರ. ಹೀಟ್ ಪಂಪ್ ಅಳವಡಿಸಿದ ಮಾದರಿಗಳು ಅದೇ ಶಾಖವನ್ನು ಮತ್ತೆ ಮತ್ತೆ ಬಳಸಿ ಖರ್ಚನ್ನು ಗಣನೀಯವಾಗಿ ತಗ್ಗಿಸುತ್ತವೆ. ಆದರೆ ಅವುಗಳ ಬೆಲೆ ಇನ್ನೂ ಹೆಚ್ಚು.

ಒಣಗಿಸಲೂ ನೀರು

ಆವಿಯಾದ ನೀರು ಎಲ್ಲಿಗೆ ಹೋಗುತ್ತದೆ? ಈ ಬಗೆಯ ಅನೇಕ ಯಂತ್ರಗಳಲ್ಲಿ ನಲ್ಲಿಯ ತಣ್ಣೀರನ್ನು ಹರಿಸಿ ಆವಿಯನ್ನು ಸಾಂದ್ರೀಕರಿಸುತ್ತಾರೆ. 2 ಲೀಟರ್ ನೀರಿನ ಆವಿ ಬಿಟ್ಟುಕೊಡುವ ಶಾಖವೆಲ್ಲ ತಣ್ಣೀರಿಗೇ ಸೇರಿ, ಅದರ ಉಷ್ಣತೆ 30 ಡಿಗ್ರಿ ಏರುತ್ತದೆಂದು ಇಟ್ಟುಕೊಳ್ಳಿ. ಆಗ ಬೇಕಾಗುವ ನೀರು ಸುಮಾರು 38 ಲೀಟರ್, ಅಂದರೆ ಮೂರು ಕೊಡ. ಅದೆಲ್ಲ ಬಚ್ಚಲಿಗೆ ಹರಿದುಹೋಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಕೊಳವೆಬಾವಿಯನ್ನು ನಂಬಿದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಗಾಳಿಯಿಂದಲೇ ಸಾಂದ್ರೀಕರಿಸುವ ಮಾದರಿಗಳೂ ಇವೆ. ಕೊಳ್ಳುವವರು ಇದನ್ನು ಕೇಳಿ ತಿಳಿಯಲೇಬೇಕು.

ಎಂಟು ಕಿಲೋ ಎಂದರೆ ಎಂಟು ಕಿಲೋ ಅಲ್ಲ

ಯಂತ್ರದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಒಗೆಯುವ ಸಾಮರ್ಥ್ಯ. ಒಣಗುವಾಗ ಬಟ್ಟೆಗಳು ಬಿಡಿಬಿಡಿಯಾಗಿ ಉರುಳಿ, ನಡುವೆ ಬಿಸಿಗಾಳಿ ಆಡಬೇಕು. ಆದ್ದರಿಂದ 8 ಕಿಲೋ ಒಗೆಯುವ ಯಂತ್ರ ಒಮ್ಮೆಗೆ 5 ಕಿಲೋದಷ್ಟನ್ನು ಮಾತ್ರ ಒಣಗಿಸಬಲ್ಲದು. ತುಂಬ ಹಾಕಿ ಒಗೆದಿದ್ದರೆ ಅರ್ಧ ಬಟ್ಟೆಯನ್ನು ಹೊರತೆಗೆದು ಎರಡು ಸರದಿಯಲ್ಲಿ ಒಣಗಿಸಬೇಕು. ಒಂದೇ ಗುಂಡಿಯ ಆಶ್ವಾಸನೆ ಇಲ್ಲಿಗೆ ಮುಗಿಯಿತು. ಒಣಗುತ್ತಿರುವಷ್ಟು ಹೊತ್ತು ಅದೇ ಡ್ರಮ್ಮಿನಲ್ಲಿ ಒಗೆಯುವಂತೆಯೂ ಇಲ್ಲ. ಕರೆಂಟು ಹೋದರೆ ಬೆಚ್ಚಗಿನ ಹಸಿ ಬಟ್ಟೆ ಒಳಗೇ ಮುದುಡಿ ಕೂರುತ್ತದೆ. ಹೀಟರಿನ ಭಾರವನ್ನು ಮನೆಯ ಸಾಮಾನ್ಯ ಇನ್ವರ್ಟರ್ ಹೊರಲಾರದು.

ಇನ್ನು ನಮ್ಮ ಬಟ್ಟೆಗಳನ್ನು ನೋಡಿ. ಮಳೆಗಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೌದಿ. ಪದರ ಪದರವಾಗಿ ಹೊಲಿದ ದೊಡ್ಡ ಕೌದಿ ಆ ಡ್ರಮ್ಮಿನಲ್ಲಿ ಉರುಳುವುದೇ ಕಷ್ಟ. ಉಣ್ಣೆಯ ಕಂಬಳಿ ಬಿಸಿಯಲ್ಲಿ ಉರುಳಿದರೆ ಕುಗ್ಗುತ್ತದೆ. ರೇಷ್ಮೆ ಸೆರಗಿನ ಇಳಕಲ್ ಸೀರೆಯನ್ನು ಅದರೊಳಗೆ ಹಾಕಬಾರದು. ಕೊನೆಗೆ ಉಳಿಯುವುದು ಅಂಗಿ, ಲಂಗ, ಟವೆಲ್ಲು, ಮಕ್ಕಳ ಸಮವಸ್ತ್ರ.

ಬಿಲ್ಲಿನ ಲೆಕ್ಕ

ಮಳೆಗಾಲದಲ್ಲಿ ದಿನ ಬಿಟ್ಟು ದಿನ ಒಣಗಿಸಿದರೆ ತಿಂಗಳಿಗೆ 15 ಸರದಿ, ಸುಮಾರು 37 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಇದು 220 ರೂಪಾಯಿ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಯ ಉಚಿತ ಮಿತಿ ನಿಗದಿಯಾಗಿರುವುದು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ. ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಈಗ ತಿಂಗಳಿಗೆ 170 ಯೂನಿಟ್ ಬಳಸುವ ಮನೆಗೆ ಈ 37 ಸೇರಿದರೆ 207 ಆಯಿತು. ಅಲ್ಲಿಯವರೆಗೆ ಬಿಲ್ಲು ಕಟ್ಟದಿದ್ದ ಮನೆ ಆ ತಿಂಗಳು 1,200 ರೂಪಾಯಿಗೂ ಹೆಚ್ಚು ಕೊಡಬೇಕಾಗುತ್ತದೆ.

ಬೇರೆ ದಾರಿ ಇದೆಯೇ?

ಮಳೆಗಾಲದ ಗಾಳಿ ಪೂರ್ತಿ ತೇವದಿಂದ ತುಂಬಿರುತ್ತದೆಂಬುದು ನಮ್ಮ ಭಾವನೆ. 25 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಗರಿಷ್ಠ 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಸಾಪೇಕ್ಷ ಆರ್ದ್ರತೆ ಶೇ. 85 ಇದ್ದರೂ ಇನ್ನೂ 3.4 ಗ್ರಾಮಿಗೆ ಅದರಲ್ಲಿ ಜಾಗವಿದೆ. ಅದರಲ್ಲಿ ಅರ್ಧದಷ್ಟೇ ಉಪಯೋಗವಾದರೂ 2 ಲೀಟರ್ ನೀರನ್ನು ಒಯ್ಯಲು ಸುಮಾರು 1,200 ಘನಮೀಟರ್ ಗಾಳಿ ಸಾಕು. 30 ಘನಮೀಟರಿನ ಕೋಣೆಯಲ್ಲಿ ಗಾಳಿ 40 ಸಲ ಬದಲಾಗಬೇಕು, ಹತ್ತು ಗಂಟೆಯಲ್ಲಿ ಗಂಟೆಗೆ ನಾಲ್ಕು ಸಲ. ಎದುರುಬದುರು ಕಿಟಕಿ ತೆರೆದು, ಬಟ್ಟೆಗೆ ಬಟ್ಟೆ ತಾಗದಂತೆ ಗಳದ ಮೇಲೆ ಹರವಿ, ಫ್ಯಾನ್ ಹಾಕಿದರೆ ಇದು ಸಾಧ್ಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಧ್ಯವಿಲ್ಲ. ಬಹಳ ಮನೆಗಳಲ್ಲಿ ತಪ್ಪುತ್ತಿರುವುದು ಇಲ್ಲಿಯೇ. 75 ವಾಟಿನ ಫ್ಯಾನ್ ಹತ್ತು ಗಂಟೆಗೆ ಬಳಸುವುದು ಮುಕ್ಕಾಲು ಯೂನಿಟ್.

ಹಾಗೆಂದು ಈ ಯಂತ್ರ ಯಾರಿಗೂ ಬೇಡವೆಂದಲ್ಲ. ಹಾಸಿಗೆ ಹಿಡಿದ ಹಿರಿಯರು ಅಥವಾ ಎಳೆಗೂಸು ಇರುವ ಮನೆಯಲ್ಲಿ ನಾಳೆಯವರೆಗೆ ಕಾಯಲಾಗದು. ಮಹಾನಗರದ, ಬಾಲ್ಕನಿಯೂ ಇಲ್ಲದ ಚಿಕ್ಕ ಮನೆಗಳಲ್ಲಿ ಗಳ ಕಟ್ಟಲು ಜಾಗವಿಲ್ಲ. ಅಂಥವರಿಗೆ ಖರ್ಚಿಗಿಂತ ಅನುಕೂಲ ದೊಡ್ಡದು. ಆದರೆ ಅಂಗಳ, ಪಡಸಾಲೆ ಇರುವ ತಡಸದಂಥ ಊರಿನ ಮನೆಗೆ ಹೆಚ್ಚು ವೇಗದಲ್ಲಿ ಹಿಂಡುವ, ಒಗೆಯಲಷ್ಟೇ ಇರುವ ಯಂತ್ರವೇ ಮೇಲು. ನಿಮ್ಮ ಹಣ ಹಿಂಡುವ ಶಕ್ತಿಗೆ ಹೋಗಲಿ, ಹೀಟರಿಗೆ ಬೇಡ.

ಆದರೂ ಕೊಳ್ಳುವುದೆಂದು ನಿಶ್ಚಯಿಸಿದರೆ ಅಂಗಡಿಯಲ್ಲಿ ಮೂರು ಅಂಕಿಗಳನ್ನು ಕೇಳಿ: ಒಮ್ಮೆಗೆ ಒಣಗಿಸಬಲ್ಲದ್ದು ಎಷ್ಟು ಕಿಲೋ, ಒಣಗಿಸಲು ಹರಿಸುವ ನೀರು ಎಷ್ಟು ಲೀಟರ್, ಒಗೆದು ಒಣಗಿಸುವ ಪೂರ್ತಿ ಸರದಿಗೆ ಎಷ್ಟು ಯೂನಿಟ್. ಇವನ್ನು ಕೈಪಿಡಿಯಲ್ಲಿ ತೋರಿಸದ ಯಂತ್ರಕ್ಕೆ ಮುಂಗಡ ಕೊಡಬೇಡಿ.